ಏಳು ಪ್ರತಿಧ್ವನಿ, ಏಳು ‘ಬೇಡ’

ವಿಜಯಪುರದ ಗೋಳಗುಮ್ಮಟದ ಮೂಲೆಯ ಮಿನಾರಿಗೆ ಏಳು ಅಂತಸ್ತು. ಒಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಗುಮ್ಮಟದ ಬುಡವನ್ನು ಸುತ್ತುವರಿದ ಪಿಸುಮಾತಿನ ಪಡಸಾಲೆ ಸಿಗುತ್ತದೆ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಬಾಗಿಲು ದಾಟುತ್ತಲೇ ಕೂಗು ಹಾಕುತ್ತಾರೆ. ಒಂದು ಕೂಗು ಏಳು ಸಲವಾದರೂ ಮರಳಿ ಕೇಳುತ್ತದೆ ಎಂಬುದು ಊರವರ ಲೆಕ್ಕ. ನಲವತ್ತು ಮಕ್ಕಳು ಒಮ್ಮೆಗೇ ಕೂಗಿದಾಗ ಕೂಗಿನ ಮೇಲೆ ಕೂಗು ಬೀಳುತ್ತದೆ. ಯಾರು ಏನೆಂದರೆಂದು ಯಾರಿಗೂ ತಿಳಿಯುವುದಿಲ್ಲ.

ಅದೇ ಪಡಸಾಲೆಗೆ ಬೆಳಗ್ಗೆ, ಜನ ಸೇರುವ ಮೊದಲು ಹೋಗಬೇಕು. ಗೋಡೆಯ ಹತ್ತಿರ ಬಾಯಿ ತಂದು ಮೆಲ್ಲಗೆ ಒಂದು ಮಾತಾಡಿದರೆ, ಸುಮಾರು 38 ಮೀಟರ್ ಆಚೆ, ಎದುರು ಬದಿಯ ಗೋಡೆಗೆ ಕಿವಿಗೊಟ್ಟವರಿಗೆ ಅದು ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟ. ಗುಮ್ಮಟ ಅದೇ, ಕಲ್ಲು ಅದೇ. ಕೂಗಿಗೆ ಗದ್ದಲವನ್ನು ಕೊಟ್ಟ ಗೋಡೆಯೇ ಮೆಲುಮಾತನ್ನು ಜೋಪಾನವಾಗಿ ದಾಟಿಸುತ್ತದೆ.

ಕೆಳಗಿಳಿದು ದಕ್ಷಿಣದ ಬಾಗಿಲ ಬಳಿ ನಿಂತು ತಲೆಯೆತ್ತಿದರೆ ಮೇಲೊಂದು ಪಾರಸಿ ಶಾಸನ ಕಾಣುತ್ತದೆ. ಅದರಲ್ಲಿ ಮೂರು ಭಾಗ. ಅರಬಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆಯಿದೆ. ಮೂರೂ ಭಾಗಗಳ ಅಕ್ಷರಗಳನ್ನು ಬೇರೆ ಬೇರೆಯಾಗಿ ಕೂಡಿದರೆ ಮೂರರಲ್ಲೂ ಬರುವುದು ಒಂದೇ ಇಸವಿ: ಹಿಜರಿ 1067, ಅಂದರೆ ಕ್ರಿ.ಶ. 1656, ಈ ಗುಮ್ಮಟದಡಿ ಮಲಗಿರುವ ಸುಲ್ತಾನ ಮೊಹಮ್ಮದ್ ಆದಿಲ್ ಶಾಹ ತೀರಿಕೊಂಡ ವರ್ಷ. ಒಂದು ವರ್ಷವನ್ನು ಮೂರು ಸಲ ಕೆತ್ತಿದ್ದಾರೆ. ಆದರೂ ಅದು ವ್ಯರ್ಥವಲ್ಲ, ಏಕೆಂದರೆ ಮೂರು ಭಾಗಗಳೂ ಹೇಳುವ ಮಾತು ಬೇರೆ ಬೇರೆ.

ಇದೇ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನ ಕನ್ನಡಿಗರ ಮನೆಮನೆಗೂ ಗೊತ್ತು. ಅದರಲ್ಲಿ ‘ಬೇಡ’ ಎಂಬ ಮಾತು ಏಳು ಸಲ ಬರುತ್ತದೆ. ಒಂದನ್ನು ತೆಗೆದರೂ ಒಂದು ತಪ್ಪಿಗೆ ಬಾಗಿಲು ತೆರೆದಂತೆ. ಕಳವಿನ ‘ಬೇಡ’ ಕೊಲೆಯ ಕೆಲಸವನ್ನು ಮಾಡದು, ಸುಳ್ಳಿನ ‘ಬೇಡ’ ಸಿಟ್ಟಿನ ಕೆಲಸವನ್ನು ಮಾಡದು. ಗುಮ್ಮಟವೂ ಒಂದು ಮಾತನ್ನು ಏಳು ಸಲ ಹೇಳುತ್ತದೆ, ಆದರೆ ಎರಡನೆಯದರಿಂದ ಏಳನೆಯದರವರೆಗೆ ಹೊಸದೇನೂ ಇಲ್ಲ. ಮಾತನ್ನು ಮರಳಿ ಹೇಳುವುದು ತಪ್ಪಲ್ಲ. ಮರಳಿ ಬಂದ ಮಾತು ಬರಿಗೈಯಲ್ಲಿ ಬಂದರೆ ಅದು ತಪ್ಪು. ನನ್ನ ಮಟ್ಟಿಗೆ ಹೆಚ್ಚು ಮಾತನ್ನೂ ಸರಿ ಮಾತನ್ನೂ ಬೇರ್ಪಡಿಸುವ ಗೆರೆ ಇದೇ.

‘ಸುಸ್ವಾಗತ’ದೊಳಗಿನ ಎರಡು ‘ಸು’

ಊರಿನ ಯಾವುದೇ ಕಮಾನಿನ ಮೇಲೆ ‘ಹಾರ್ದಿಕ ಸುಸ್ವಾಗತ’ ಎಂದಿರುತ್ತದೆ. ಸ್ವಾಗತ ಎಂಬುದೇ ‘ಸು’ ಮತ್ತು ‘ಆಗತ’ ಸೇರಿ ಆದ ಪದ. ಒಳಗೊಂದು ‘ಸು’ ಇದ್ದಾಗಲೇ ಹೊರಗಿನಿಂದ ಇನ್ನೊಂದನ್ನು ಅಂಟಿಸಿದ್ದೇವೆ. ಮದುವೆಯ ಲಗ್ನಪತ್ರಿಕೆ ‘ಸಕುಟುಂಬ ಸಮೇತರಾಗಿ’ ಬರಬೇಕೆಂದು ಕರೆಯುತ್ತದೆ. ‘ಸ’ ಎಂದರೂ ಕೂಡಿ, ‘ಸಮೇತ’ ಎಂದರೂ ಕೂಡಿ. ಅರ್ಜಿಯಲ್ಲಿ ‘ಸವಿನಯಪೂರ್ವಕ’ ಎನ್ನುತ್ತೇವೆ. ‘ಸವಿನಯ’ ಸಾಕು, ಇಲ್ಲವೇ ‘ವಿನಯಪೂರ್ವಕ’ ಸಾಕು. ‘ಶ್ರೇಷ್ಠ’ವೇ ಎಲ್ಲಕ್ಕಿಂತ ಮೇಲಿನದು, ಅದರ ಮೇಲೆ ‘ತಮ’ ಕೂರಿಸಿ ‘ಶ್ರೇಷ್ಠತಮ’ ಮಾಡುತ್ತೇವೆ. ಮಾತಿನಲ್ಲಿ ‘ಪುನಃ ಮತ್ತೊಮ್ಮೆ’ ಬರುತ್ತದೆ, ‘ಪ್ರತಿ ದಿನನಿತ್ಯ’ ಬರುತ್ತದೆ. ಪತ್ರಿಕೆಗೆ ಬರೆಯುವ ನಾವೂ ‘ಸುಮಾರು ಐದಾರು ಸಾವಿರದಷ್ಟು ಜನ ಸೇರಿದ್ದರು’ ಎಂದು ಬರೆದುಬಿಡುತ್ತೇವೆ. ‘ಸುಮಾರು’ ಒಂದು ಅಂದಾಜು, ‘ಐದಾರು’ ಇನ್ನೊಂದು, ‘ಅಷ್ಟು’ ಮೂರನೆಯದು. ಮೂರು ಅಂದಾಜು ಸೇರಿದರೂ ಒಂದು ಲೆಕ್ಕವಾಗದು.

ಇವೆಲ್ಲ ಚಿಕ್ಕ ಚಿಕ್ಕ ಸಂಗತಿ, ಇದರಿಂದ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಚಿಕ್ಕದೇ ಹೌದು. ಆದರೆ ಒಂದು ಪದದ ಬಲದ ಮೇಲೆ ನಂಬಿಕೆ ಹೋದಾಗಲೇ ಅದರ ಪಕ್ಕಕ್ಕೆ ಇನ್ನೊಂದನ್ನು ತಂದು ನಿಲ್ಲಿಸುತ್ತೇವೆ. ಎರಡಕ್ಕೆ ರೂಢಿಯಾದ ಕಿವಿಗೆ ನಾಳೆ ಎರಡೂ ಸಾಲುವುದಿಲ್ಲ. ‘ಸ್ವಾಗತ’ ಸಪ್ಪೆಯಾದಾಗ ‘ಸುಸ್ವಾಗತ’ ಬಂತು, ಅದೂ ಸಪ್ಪೆಯಾದಾಗ ‘ಹಾರ್ದಿಕ’ ಬಂತು.

ನಮ್ಮ ಕಡೆಯ ಮನೆಗಳಲ್ಲಿ ಅಂಗಳಕ್ಕೆ ಬಂದವರಿಗೆ ಹೇಳುವ ಮಾತು ಒಂದೇ: ‘ಬರ್ರಿ.’ ಆ ಕೊನೆಯ ‘ರಿ’ ಒಂದೇ ಅಕ್ಷರ. ‘ಮಾನ್ಯರೇ, ಗೌರವಾನ್ವಿತರೇ’ ಎಂಬ ಉದ್ದದ ಸಂಬೋಧನೆಗಳು ಹೊತ್ತ ಮರ್ಯಾದೆಯನ್ನೆಲ್ಲ ಆ ಒಂದು ಅಕ್ಷರ ಹೊರುತ್ತದೆ. ‘ಹೌದ್ರಿ’, ‘ಕುಂದರ್ರಿ’, ‘ಊಟ ಮಾಡ್ರಿ’ ಎಂದಾಗ ಮರ್ಯಾದೆ ಕಡಿಮೆಯಾಯಿತೆಂದು ಯಾರೂ ಅಂದದ್ದಿಲ್ಲ.

ವೇದಿಕೆಯ ಲೆಕ್ಕ ಇನ್ನೂ ಭಾರವಾದದ್ದು. ವೇದಿಕೆಯ ಮೇಲೆ 10 ಜನ ಕೂತಿದ್ದಾರೆ, 10 ಜನರೂ ಮಾತಾಡುತ್ತಾರೆ, ಪ್ರತಿಯೊಬ್ಬರೂ ಉಳಿದ 9 ಜನರ ಹೆಸರನ್ನು ಬಿರುದುಗಳ ಜೊತೆ ಹೇಳುತ್ತಾರೆ ಎಂದುಕೊಳ್ಳಿ. ಒಟ್ಟು 90 ಹೆಸರು. ಒಂದು ಹೆಸರಿಗೆ 10 ಸೆಕೆಂಡ್ ಹಿಡಿದರೂ 15 ನಿಮಿಷ ಬರೀ ಹೆಸರಿಗೇ ಹೋಯಿತು. ಆ ಹದಿನೈದು ನಿಮಿಷ ನೆಲದ ಮೇಲೆ ಕೂತ ಮುದುಕರದ್ದು, ಹಾಲು ಕುಡಿಯುವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಂದಿರದ್ದು, ಕೊನೆಯ ಬಸ್ಸು ಹಿಡಿದು ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೋಗಬೇಕಾದವರದ್ದು. ಬಸವಣ್ಣನವರ ಏಳು ‘ಬೇಡ’ಗಳಲ್ಲಿ ಒಂದು, ತನ್ನನ್ನು ತಾನು ಹೊಗಳಿಕೊಳ್ಳುವುದರ ಬಗ್ಗೆ ಇದೆ. ಒಬ್ಬರನ್ನೊಬ್ಬರು ಸರದಿಯಲ್ಲಿ ಹೊಗಳುವ ವೇದಿಕೆಗೂ ಆ ‘ಬೇಡ’ ಸಲ್ಲುತ್ತದೆ.

ಜೋಡಿಯಾಗಿಯೇ ಬಾಳುವ ಪದಗಳು

ಹಾಗೆಂದು ಎರಡಾಗಿ ಬಂದದ್ದನ್ನೆಲ್ಲ ಕತ್ತರಿಸುತ್ತ ಹೋದರೆ ಕನ್ನಡದ ಉಸಿರೇ ನಿಲ್ಲುತ್ತದೆ. ನಮ್ಮ ವ್ಯಾಕರಣದಲ್ಲಿ ದ್ವಿರುಕ್ತಿಗೆ ಅದರದೇ ಜಾಗವಿದೆ. ‘ಬಿಸಿ ರೊಟ್ಟಿ’ ಒಂದು ಸಂಗತಿ, ‘ಬಿಸಿ ಬಿಸಿ ರೊಟ್ಟಿ’ ಇನ್ನೊಂದು. ಎರಡನೆಯದರಲ್ಲಿ ಹಂಚು ಇನ್ನೂ ಒಲೆಯ ಮೇಲಿದೆ. ‘ನಡು’ ಎಂದರೆ ಸುಮಾರಾಗಿ ಮಧ್ಯ, ‘ನಟ್ಟನಡು’ ಎಂದರೆ ಅಳೆದಂತೆ ಮಧ್ಯ. ‘ಬಯಲು’ ಎಲ್ಲ ಕಡೆಯೂ ಇದೆ. ‘ಬಟ್ಟಬಯಲು’ ನೋಡಬೇಕಾದರೆ ಬೇಸಿಗೆಯಲ್ಲಿ ಡೋಣಿ ನದಿಯ ಆಚೀಚಿನ ಎರೆಹೊಲಗಳಿಗೆ ಬರಬೇಕು. ಕಣ್ಣು ಹರಿದಷ್ಟು ದೂರ ಕರಿ ಮಣ್ಣು, ನಡುವೆ ಒಂದು ಜಾಲಿಗಿಡ.

ಪ್ರತಿಧ್ವನಿ ಪದಗಳೂ ಹಾಗೆಯೇ. ‘ಚಾ ಗೀ ಆತೇನ್ರಿ?’ ಎಂದು ಕೇಳಿದವರು ಚಹಾ ಒಂದನ್ನೇ ಕೇಳುತ್ತಿಲ್ಲ. ಆ ‘ಗೀ’ಯಲ್ಲಿ ಚೂಡಾ ಇರಬಹುದು, ಮಂಡಕ್ಕಿ ಇರಬಹುದು, ಸ್ವಲ್ಪ ಹೊತ್ತು ಕೂತು ಹೋಗಿ ಎಂಬ ಕರೆಯೂ ಇರಬಹುದು. ಗುಮ್ಮಟದ ಪ್ರತಿಧ್ವನಿ ಮಾತನ್ನು ಇದ್ದಂತೆಯೇ ಮರಳಿಸುತ್ತದೆ. ಕನ್ನಡದ ಪ್ರತಿಧ್ವನಿ ಪದ ಮೊದಲ ಅಕ್ಷರವನ್ನು ಬದಲಿಸಿ ಅರ್ಥವನ್ನು ಅಗಲ ಮಾಡಿ ಮರಳಿಸುತ್ತದೆ.

ಇನ್ನು ಈ ಊರಿಗೆ ವಿಶೇಷವಾಗಿ ಹೊಂದುವ ಜೋಡಿಗಳಿವೆ. ‘ಖರ್ಚುವೆಚ್ಚ’ದಲ್ಲಿ ಖರ್ಚು ಪಾರಸಿಯಿಂದ ಬಂದದ್ದು, ವೆಚ್ಚ ಸಂಸ್ಕೃತದ ವ್ಯಯದಿಂದ ಇಳಿದದ್ದು. ‘ಕಾಗದಪತ್ರ’ದಲ್ಲಿ ಕಾಗದ ಪಾರಸಿ, ಪತ್ರ ಸಂಸ್ಕೃತ. ‘ರೀತಿರಿವಾಜು’, ‘ಧನದೌಲತ್ತು’ ಎಲ್ಲವೂ ಇದೇ ಬಗೆಯವು. ಲೆಕ್ಕಕ್ಕೆ ಇವೂ ಒಂದೇ ಮಾತನ್ನು ಎರಡು ಸಲ ಹೇಳುತ್ತವೆ. ಆದರೆ ಪಾರಸಿ, ದಖನಿ, ಮರಾಠಿ, ಕನ್ನಡ ನಾಲ್ಕೂ ಒಂದೇ ಪೇಟೆಯಲ್ಲಿ ಶತಮಾನಗಟ್ಟಲೆ ವ್ಯಾಪಾರ ಮಾಡಿದ ಊರಿದು. ಒಂದು ಪದ ಅವರ ಕಿವಿಗೆ, ಒಂದು ಪದ ಇವರ ಕಿವಿಗೆ. ಇಬ್ಬರಿಗೂ ತಿಳಿಯಲಿ ಎಂಬ ಕಾಳಜಿ ಆ ಜೋಡಿಯಲ್ಲಿ ನನಗೆ ಕಾಣುತ್ತದೆ.

ಹಿಂದಿನವರು ಈ ವಿಷಯವನ್ನು ಹಗುರಾಗಿ ನೋಡಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ, 9ನೇ ಶತಮಾನದ ‘ಕವಿರಾಜಮಾರ್ಗ’, ತನ್ನ ಮೊದಲ ಪರಿಚ್ಛೇದವನ್ನೇ ದೋಷ ಯಾವುದು, ದೋಷವಲ್ಲದ್ದು ಯಾವುದು ಎಂಬ ವಿಚಾರಕ್ಕೆ ಮೀಸಲಿಟ್ಟಿದೆ. ಅದು ಆಧರಿಸಿದ ಸಂಸ್ಕೃತದ ‘ಕಾವ್ಯಾದರ್ಶ’ದಲ್ಲಿ ದಂಡಿ, ಹೇಳಿದ್ದನ್ನೇ ಹೇಳುವುದನ್ನು ದೋಷವೆಂದೇ ಎಣಿಸುತ್ತಾನೆ. ಆದರೆ ಕರುಣೆಯಂಥ ಭಾವ ಉಕ್ಕಿದಾಗ ಬರುವ ಪುನರುಕ್ತಿ ದೋಷವಲ್ಲ, ಅಲಂಕಾರವೇ ಎಂದೂ ಸೇರಿಸುತ್ತಾನೆ. ಸಾವಾದ ಮನೆಯ ಪಡಸಾಲೆಯಲ್ಲಿ ಕೂತವರಿಗೆ ಈ ಮಾತು ಓದದೆಯೂ ಗೊತ್ತು. ‘ಎಂಥಾ ಮನಿಷ್ಯಾ ಇದ್ದರ್ರಿ, ಎಂಥಾ ಮನಿಷ್ಯಾ’ ಎಂದು ಅದನ್ನೇ ಹತ್ತು ಸಲ ಅನ್ನುತ್ತಾರೆ. ಹತ್ತೂ ಸಲ ಅದು ಬೇಕು. ಅಲ್ಲಿ ಮಾತು ಸುದ್ದಿ ಹೇಳುವುದಿಲ್ಲ, ಕೈ ಹಿಡಿಯುತ್ತದೆ.

ಅರ್ಜಿಯಲ್ಲಿ ಇಲ್ಲದ ಸರ್ವೆ ನಂಬರು

ಹೆಚ್ಚಾದ ಮಾತು ನಿಜವಾಗಿ ನೋವು ಕೊಡುವ ಜಾಗ ಕಚೇರಿಯ ಕಾಗದ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಕಾಕಾನ ದ್ರಾಕ್ಷಿ ತೋಟಕ್ಕೆ ಆಲಿಕಲ್ಲು ಬಿದ್ದಿತ್ತು. ಪರಿಹಾರಕ್ಕೆ ಅರ್ಜಿ ಬರೆದುಕೊಡಲು ಮನೆಯಲ್ಲಿ ಓದಿದವನೆಂದು ನನಗೆ ಹೇಳಿದರು. ನಾನು ಎರಡು ಪುಟ ಬರೆದೆ. ‘ಈ ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯಪೂರ್ವಕವಾಗಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಸುರುವಾದ ಮೊದಲ ವಾಕ್ಯ ಏಳನೆಯ ಸಾಲಿನಲ್ಲಿ ಮುಗಿಯಿತು. ಕಚೇರಿಯ ಸಿಬ್ಬಂದಿ ಪೂರ್ತಿ ಓದಿ, ಕಾಕಾನ ಕಡೆ ತಿರುಗಿ ಮೆಲ್ಲಗೆ ಕೇಳಿದರು: ‘ಕಾಕಾ, ಹೊಲಾ ಯಾವ್ದು, ಎಷ್ಟ ಎಕರೆ, ಯಾವತ್ತ ಬಿತ್ತು? ಇದಿಷ್ಟ ಹೇಳ್ರಿ.’ ಎರಡು ಪುಟದಲ್ಲಿ ಸರ್ವೆ ನಂಬರು ಇರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಐದು ಸಾಲಿನಲ್ಲಿ ಮತ್ತೆ ಬರೆದೆ. ವಿನಯ ತೋರಿಸುವ ಭರದಲ್ಲಿ ಕಾಕಾನ ನಷ್ಟವನ್ನೇ ಮರೆತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆ ಭಾಷೆ ನನಗೆ ಎಲ್ಲಿಂದ ಬಂತು? ಕಚೇರಿಯಿಂದ ಬರುವ ಕಾಗದಗಳನ್ನು ನೋಡಿ ಕಲಿತದ್ದು. 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ಈ ರಾಜ್ಯದ ಆಡಳಿತ ಭಾಷೆಯಾಗಿಸಿತು. ಕನ್ನಡ ಬಂತು, ಆದರೆ ಎಷ್ಟೋ ಕಾಗದಗಳಲ್ಲಿ ಇಂಗ್ಲಿಷ್ ವಾಕ್ಯದ ಅಸ್ಥಿಪಂಜರಕ್ಕೆ ಕನ್ನಡದ ಬಟ್ಟೆ ಉಡಿಸಿದಂತೆ ಬಂತು. ‘ನೋಡಿದರು’ ಎನ್ನುವಲ್ಲಿ ‘ಪರಿಶೀಲನೆಯನ್ನು ನಡೆಸಲಾಗಿರುತ್ತದೆ’. ‘ಮಾಡುತ್ತೇವೆ’ ಎನ್ನುವಲ್ಲಿ ‘ಸೂಕ್ತ ಕ್ರಮವನ್ನು ಕೈಗೊಳ್ಳಲಾಗುವುದು’. ಈ ಎರಡನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಪದ ಹೆಚ್ಚಾಗಿವೆ, ಮನುಷ್ಯ ಕಾಣೆಯಾಗಿದ್ದಾನೆ. ಯಾರು ಕೈಗೊಳ್ಳುತ್ತಾರೆ, ಯಾವ ಕ್ರಮ, ಯಾವಾಗ? ಮೂರಕ್ಕೂ ಉತ್ತರವಿಲ್ಲ. ಉದ್ದದ ವಾಕ್ಯದ ಹಿಂದೆ ಹೊಣೆ ಅಡಗಿ ಕೂರಬಹುದು. ಚಿಕ್ಕ ವಾಕ್ಯದಲ್ಲಿ ಅಡಗಲು ಜಾಗವಿಲ್ಲ. ಹೀಗಾಗಿ ಚೊಕ್ಕ ಬರವಣಿಗೆ ಬರೀ ಶೈಲಿಯ ವಿಷಯವಲ್ಲ, ನ್ಯಾಯದ ವಿಷಯವೂ ಹೌದು. ತಿಳಿಯದ ಕಾಗದ ಹಿಡಿದು ನಿಂತವನು ತಿಳಿಸಿ ಹೇಳುವವರಿಗೆ ದುಡ್ಡು ಕೊಡಬೇಕಾಗುತ್ತದೆ.

ಖರೀದಿ ಪತ್ರದಿಂದ ವಚನದ ಕಟ್ಟಿಗೆ

ವಕೀಲರ ಕಾಗದಗಳನ್ನು ಮಾತ್ರ ಸಾರಾಸಗಟಾಗಿ ದೂರಬಾರದು. ಹಳೆಯ ಶಾಸನಗಳಲ್ಲೂ ಖರೀದಿ ಪತ್ರಗಳಲ್ಲೂ ಅಷ್ಟಭೋಗದ ಹೆಸರುಗಳು ಸಾಲಾಗಿ ಬರುತ್ತವೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ. ಕೇಳುವವರಿಗೆ ಉದ್ದದ ಮಂತ್ರದಂತೆ ಅನ್ನಿಸಬಹುದು. ಆದರೆ ಎಂಟೂ ಎಂಟು ಬೇರೆ ಹಕ್ಕು. ‘ಜಲ’ ಬಿಟ್ಟರೆ ಬಾವಿಗೆ ತಂಟೆ, ‘ಪಾಷಾಣ’ ಬಿಟ್ಟರೆ ಕಲ್ಲಿಗೆ ತಂಟೆ. ಬಸವಣ್ಣನವರ ಏಳು ‘ಬೇಡ’ದಂತೆ ಇಲ್ಲಿಯೂ ಒಂದನ್ನು ಕೈಬಿಡುವಂತಿಲ್ಲ.

ಇಂಥ ಪತ್ರಗಳ ನಡುವೆ ದಿನ ಕಳೆದ ವಿಜಯಪುರದ ಒಬ್ಬ ವಕೀಲರೇ ಕನ್ನಡದ ಅತಿ ಬಿಗಿಯಾದ ಗದ್ಯವನ್ನು ನಮ್ಮ ಕೈಗೆ ತಂದುಕೊಟ್ಟರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಕೀಲಿಗಾಗಿ ಇಲ್ಲಿಗೆ ಬಂದು ನೆಲೆಸಿದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ವಚನಗಳ ತಾಳೆಗರಿ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಸುರುಮಾಡಿದರು. 1964ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಈ ಕೆಲಸಕ್ಕೇ ಮುಡಿಪಾಗಿತ್ತು.

ಅವರು ಉಳಿಸಿಕೊಟ್ಟ ವಚನಗಳಲ್ಲಿ ಎಷ್ಟೋ ನಾಲ್ಕೈದು ಸಾಲಿನವು. ಗರಿಯ ಮೇಲೆ ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರ ಕೊರೆಯಬೇಕಿದ್ದ ಕಾಲ ಅದು. ಆದರೂ ಪ್ರತಿ ವಚನದ ಕೊನೆಗೆ ಅಂಕಿತ ತಪ್ಪುವುದಿಲ್ಲ. ಒಬ್ಬರ ನೂರು ವಚನದಲ್ಲಿ ನೂರು ಸಲ ಒಂದೇ ಹೆಸರು ಬರುತ್ತದೆ. ಆಡಿದ ಮಾತಿಗೆ ಸಾಕ್ಷಿಯಾಗಿ ತನ್ನ ದೇವರನ್ನು ನಿಲ್ಲಿಸುವ ರೀತಿ ಅದು. ಹೇಳಿದ ಪ್ರತಿ ಮಾತಿಗೂ ಹೊಣೆ ಹೊರುವ ಆ ಪುನರುಕ್ತಿಯನ್ನು, ಹೊಣೆಯನ್ನು ಮರೆಸುವ ‘ಕೈಗೊಳ್ಳಲಾಗುವುದು’ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಬಿಜ್ಜರಗಿಯಿಂದ ಬಂದವರು

ವಚನದ ಆ ಬಿಗಿಯನ್ನು ಆಡುವ ಮಾತಿಗೆ ತಂದವರು ಸಿದ್ಧೇಶ್ವರ ಸ್ವಾಮೀಜಿ. ತಿಕೋಟಾ ತಾಲ್ಲೂಕಿನ ಬಿಜ್ಜರಗಿ ಅವರ ಹುಟ್ಟೂರು. ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಗುರು ಮಲ್ಲಿಕಾರ್ಜುನ ಸ್ವಾಮೀಜಿಯವರ ಬಳಿ ಬೆಳೆದ ಅವರ ಪ್ರವಚನ ಕೇಳಲು ಸಾವಿರಾರು ಜನ ನೆಲದ ಮೇಲೆ ಸದ್ದಿಲ್ಲದೆ ಕೂರುತ್ತಿದ್ದರು. ಸ್ವಾಮೀಜಿಯವರು ದನಿ ಏರಿಸುತ್ತಿರಲಿಲ್ಲ. ಚಿಕ್ಕ ವಾಕ್ಯ, ನಡುವೆ ಬಿಡುವು, ಮತ್ತೊಂದು ಚಿಕ್ಕ ವಾಕ್ಯ. ಆ ಬಿಡುವಿನಲ್ಲಿ ಕೇಳಿದ ಮಾತು ಒಳಗಿಳಿಯುತ್ತಿತ್ತು. ಉಪನಿಷತ್ತಿನ ವಿಚಾರ ಹೇಳುವಾಗಲೂ ಹೊಲ, ಮಳೆ, ಹೂವುಗಳೇ ಬರುತ್ತಿದ್ದವು. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿದರೂ ಇನ್ನೊಂದು ಕಡೆಯಿಂದ ಹೇಳುತ್ತಿದ್ದರು, ಶಾಸನದ ಮೂರು ಭಾಗಗಳಂತೆ. ಅವರ ಅಂಗಿಗೆ ಕಿಸೆ ಇರಲಿಲ್ಲ. ಮಾತಿನಲ್ಲೂ ಹೆಚ್ಚಿನದನ್ನು ತುಂಬಿಕೊಳ್ಳುವ ಕಿಸೆ ಇರಲಿಲ್ಲ.

2018ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಘೋಷಿಸಿದಾಗ, ಸಂನ್ಯಾಸಿಗೆ ಪ್ರಶಸ್ತಿಯ ಅಗತ್ಯವಿಲ್ಲವೆಂದು ಪತ್ರ ಬರೆದು ವಿನಯದಿಂದ ಬೇಡವೆಂದರು. ಅದಕ್ಕೂ ಮೊದಲು, 2014ರ ಗುರುಪೂರ್ಣಿಮೆಯಂದು, ತಮ್ಮ ಕೊನೆಯ ಇಚ್ಛೆಯನ್ನು ಚಿಕ್ಕದೊಂದು ಪತ್ರದಲ್ಲಿ ಬರೆದಿಟ್ಟಿದ್ದರು. ದೇಹವನ್ನು ಹೂಳದೆ ಅಗ್ನಿಗೆ ಕೊಡಿ, ಶ್ರಾದ್ಧದ ವಿಧಿ ಬೇಡ, ಚಿತಾಭಸ್ಮವನ್ನು ನದಿಗೋ ಸಮುದ್ರಕ್ಕೋ ಬಿಡಿ, ಸ್ಮಾರಕ ಕಟ್ಟಬೇಡಿ ಎಂಬುದು ಅದರ ಸಾರ. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ ಲಕ್ಷಾಂತರ ಜನ ಸೇರಿದರು. ಅಷ್ಟು ಜನರ ನಡುವೆ ಮುಂದೇನು ಮಾಡಬೇಕೆಂಬ ಗೊಂದಲ ಹುಟ್ಟಲಿಲ್ಲ. ಆ ಚಿಕ್ಕ ಪತ್ರ ಎಲ್ಲವನ್ನೂ ಹೇಳಿತ್ತು.

ನಾಲ್ಕು ಕಿಲೊಗೆ ಒಂದು ಕಿಲೊ

ತಿಕೋಟಾ, ಬಬಲೇಶ್ವರ ಕಡೆಯ ರಸ್ತೆಗಳಲ್ಲಿ ಬೇಸಿಗೆಯ ಮೊದಲಿಗೆ ಹೋದರೆ ಹೊಲದ ಬದಿಗೆ ಒಣದ್ರಾಕ್ಷಿಯ ಶೆಡ್‌ಗಳು ಕಾಣುತ್ತವೆ. ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹಸಿ ದ್ರಾಕ್ಷಿ ಹರಡಿ, ನೆರಳಿನಲ್ಲಿ ಗಾಳಿಯಾಡಿಸಿ ಸುಮಾರು ಎರಡು ವಾರ ಒಣಗಿಸುತ್ತಾರೆ. ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಒಣದ್ರಾಕ್ಷಿ ಬರುತ್ತದೆ. ಹೋಗುವುದು ನೀರು, ಉಳಿಯುವುದು ಸಿಹಿ. ಬರೆದದ್ದನ್ನು ಎರಡು ದಿನ ಬಿಟ್ಟು ಮತ್ತೆ ಓದಿದಾಗ ಆಗುವುದೂ ಇದೇ.

ಆದರೆ ಬೆಳೆಗಾರರಿಗೆ ಇನ್ನೊಂದು ಮಾತು ಗೊತ್ತು. ಸಿಹಿ ಏರುವ ಮೊದಲೇ ಕೊಯ್ದರೆ ಎಷ್ಟು ಒಣಗಿಸಿದರೂ ಹುಳಿಯೇ ಉಳಿಯುತ್ತದೆ. ಅದಕ್ಕೇ ಕೊಯ್ಲಿಗೆ ಮುಂಚೆ ಹಣ್ಣಿನ ಸಿಹಿ ಅಳೆಯುತ್ತಾರೆ. ಮಾತನ್ನು ಕಡಿಮೆ ಮಾಡಿದ ಮಾತ್ರಕ್ಕೆ ತೂಕ ಬರುವುದಿಲ್ಲ. ಹೇಳುವ ಸಂಗತಿ ಮೊದಲು ಮಾಗಿರಬೇಕು. ನನ್ನ ಎರಡು ಪುಟದ ಅರ್ಜಿಯನ್ನು ಅರ್ಧಕ್ಕೆ ಇಳಿಸಿದ್ದರೂ ಕಾಕಾನಿಗೆ ಉಪಯೋಗವಿರಲಿಲ್ಲ. ಅದರಲ್ಲಿ ಸರ್ವೆ ನಂಬರೇ ಇರಲಿಲ್ಲವಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಮನೆಯ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ‘ಸಮೇತ’ವನ್ನೋ ‘ಸ’ವನ್ನೋ ಒಂದನ್ನು ಹೊಡೆದುಹಾಕಿ. ವೇದಿಕೆ ಹತ್ತಿದರೆ, ಎಲ್ಲರ ಹೆಸರು ನಿರೂಪಕರು ಆಗಲೇ ಹೇಳಿದ್ದಾರೆಂದು ನೆನಪಿಟ್ಟು ‘ಎಲ್ಲರಿಗೂ ಶರಣು’ ಎಂದು ಸುರುಮಾಡಿ. ಅಧಿಕಾರದಲ್ಲಿದ್ದರೆ ಉತ್ತರದಲ್ಲಿ ಯಾರು, ಏನು, ಯಾವಾಗ ಎಂಬ ಮೂರನ್ನು ಬರೆಯಿರಿ. ಓದಲು ಬರದವರಿಗೆ ಅರ್ಜಿ ಬರೆದುಕೊಡುವ ಭಾಗ್ಯ ನಿಮ್ಮದಾದರೆ, ವಿನಯವನ್ನು ಒಂದೇ ಪದದಲ್ಲಿ ಹೇಳಿ ಮೊದಲ ಸಾಲಿನಲ್ಲೇ ಸರ್ವೆ ನಂಬರು ಬರೆಯಿರಿ.